ಊಟಿಯ ಕುದುರೆಗೂ ಚಳಿಯಿದೆ
ಡಿಸೆಂಬರ್, ಜನವರಿಯಲ್ಲಿ ಊಟಿಯ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಹಗಲಿಡೀ ಪ್ರವಾಸಿಗರನ್ನು ಹೊತ್ತ ಪೋನಿಗಳಲ್ಲಿ ಕೆಲವನ್ನು ಸಂಜೆ ಜೀನು ಕಳಚಿ ಬೀದಿಗೆ ಬಿಡುತ್ತಾರೆ. ಅವು ಕಸದ ತೊಟ್ಟಿಗೆ ಬಾಯಿ ಹಾಕುತ್ತವೆ. ಪಶುವೈದ್ಯನಾದ ನನಗೆ ಇದನ್ನು ನೋಡಿ ಸುಮ್ಮನಿರಲಾಗದು.

ಬರೀ ಚಳಿಯನ್ನು ಕುದುರೆ ತಡೆದುಕೊಳ್ಳುತ್ತದೆ. ಹಸಿವು, ಒದ್ದೆ ಜೊತೆಯಾದರೆ ಸೋಲುತ್ತದೆ. ಒಣಹುಲ್ಲು ದೊಡ್ಡ ಕರುಳಿನಲ್ಲಿ ಹುದುಗುವಾಗ ಹುಟ್ಟುವ ಶಾಖ ಅದರ ಮೈಯನ್ನು ಬೆಚ್ಚಗಿಡುತ್ತದೆ. 200 ಕಿಲೋ ತೂಗುವ ಪೋನಿಗೆ ದಿನಕ್ಕೆ ಸುಮಾರು 4 ಕಿಲೋ ಒಣಮೇವು ಬೇಕು. ಕೊರೆಯುವ ನೀರನ್ನು ಅದು ಕಡಿಮೆ ಕುಡಿಯುತ್ತದೆ. ಆಗ ಮೇವು ಕರುಳಲ್ಲಿ ಕಟ್ಟಿಕೊಂಡು ಹೊಟ್ಟೆಶೂಲೆ ಬರಬಹುದು. ನೀರು ಉಗುರುಬೆಚ್ಚಗಿರಲಿ. ಬೆವರಿದ ಮೈಯನ್ನು ಗೋಣಿತಾಟಿನಿಂದ ಉಜ್ಜಿ ಒಣಗಿಸಿದ ಮೇಲೆಯೇ ಕಟ್ಟಬೇಕು.

ಚಳಿಗಾಲದ ದಟ್ಟ ಕೂದಲು ಬಡಕಲು ಮೈಯನ್ನು ಮರೆಮಾಚುತ್ತದೆ. ದುಂಡಗೆ ಕಾಣುವ ಕುದುರೆಯ ಪಕ್ಕೆಗೆ ಅಂಗೈ ಒತ್ತಿದರೆ ಎಲುಬುಗಳ ನಡುವೆ ಬೆರಳು ಇಳಿಯುವುದುಂಟು.

ಸವಾರಿಗೆ ಪರವಾನಗಿ ಕೊಡುವವರು ರಾತ್ರಿಯ ಲಾಯವನ್ನೂ ಷರತ್ತಾಗಿಸಲಿ. ಕರ್ನಾಟಕದಿಂದ ಹೋಗುವ ನಾವೂ ಮಕ್ಕಳನ್ನು ಹತ್ತಿಸುವ ಮುನ್ನ, ಮಾಲೀಕರನ್ನು ಕೇಳಿ, ಪಕ್ಕೆಯನ್ನೊಮ್ಮೆ ಮುಟ್ಟಿ ನೋಡೋಣ. ಬೆರಳು ಇಳಿದರೆ ಸವಾರಿ ಬೇಡ.