ಜಗರ್ನಾಟ್ ಮತ್ತು ಜಗನ್ನಾಥ

ಪ್ರಶ್ನೆ: ಭಾರಿ ಸರಕು ಸಾಗಿಸುವ ದೊಡ್ಡ ಲಾರಿಯನ್ನು ಇಂಗ್ಲಿಷಿನಲ್ಲಿ ‘ಜಗರ್ನಾಟ್’ ಎನ್ನುವುದನ್ನು ಓದಿದೆ. ಈ ಶಬ್ದದ ಮೂಲವೇನು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇದು ನಮ್ಮ ‘ಜಗನ್ನಾಥ’ ಶಬ್ದವೇ. ಜಗತ್, ನಾಥ ಎಂಬ ಎರಡು ಪದಗಳು ಸೇರಿ ಜಗನ್ನಾಥ ಎಂದಾಗಿದೆ. ಲೋಕದ ಒಡೆಯ ಎಂದರ್ಥ. ಪುರಿಯಲ್ಲಿ ಆಷಾಢ ಶುದ್ಧ ಬಿದಿಗೆಯಂದು ಈ ದೇವರ ರಥೋತ್ಸವ ನಡೆಯುತ್ತದೆ. ‘ನಂದಿಘೋಷ’ವೆಂಬ ಆ ರಥಕ್ಕೆ 16 ಗಾಲಿಗಳು; ಎತ್ತರ ಸುಮಾರು 45 ಅಡಿ. ಭಾರತದ ರಥೋತ್ಸವವೊಂದರಲ್ಲಿ ಭಕ್ತರು ತಾವಾಗಿಯೇ ಗಾಲಿಯಡಿ ಬಿದ್ದು ಸಾಯುತ್ತಾರೆಂದು 14ನೆಯ ಶತಮಾನದಲ್ಲಿ ಇಟಲಿಯ ಪಾದ್ರಿ ಓಡೊರಿಕ್ ಬರೆದ. ಮುಂದೆ ಬಂದ ವಿದೇಶೀಯರು ಇಂಥ ಕಥೆಗಳನ್ನು ಪುರಿಯ ರಥಕ್ಕೆ ಅಂಟಿಸಿ ಬೆಳೆಸಿದರು. ಹೀಗಾಗಿ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ‘ಅಡ್ಡ ಬಂದುದನ್ನೆಲ್ಲ ಅರೆದುಹಾಕುವ ಶಕ್ತಿ’ ಎಂಬ ಅರ್ಥ ನಿಂತಿತು. ಬ್ರಿಟನ್ನಿನಲ್ಲಿ 20ನೆಯ ಶತಮಾನದ ಉತ್ತರಾರ್ಧದಲ್ಲಿ ಇದೇ ಹೆಸರು ಭಾರಿ ಲಾರಿಗಳಿಗೂ ಬಂದಿತು.

ಪ್ರಶ್ನೆ: ಅನುವಾದ ಮಾಡುವಾಗ ಈ ಶಬ್ದಕ್ಕೆ ‘ಜಗನ್ನಾಥ ರಥ’ ಎಂದು ಬರೆಯಬಹುದೇ?
– ಮತ್ತೊಬ್ಬ ಓದುಗರು, ಹರಿಹರ

ಉತ್ತರ: ಬರೆಯಬಾರದು. ಮೂಲ ಒಂದೇ ಆದರೂ ಅರ್ಥ ಬೇರೆಯಾಗಿದೆ. ರಥದ ನೂಕುನುಗ್ಗಲಿನಲ್ಲಿ ಅವಘಡಗಳು ಆದದ್ದುಂಟು. ಆದರೆ ಆತ್ಮಾಹುತಿ ಜಗನ್ನಾಥನ ಆರಾಧನೆಗೆ ವಿರುದ್ಧವಾದುದೆಂದು ಬ್ರಿಟಿಷ್ ಅಧಿಕಾರಿ ಹಂಟರ್ 1872ರಷ್ಟು ಹಿಂದೆಯೇ ತನ್ನ ‘ಒರಿಸ್ಸ’ ಗ್ರಂಥದಲ್ಲಿ ತೋರಿಸಿದ್ದಾನೆ. ನಿಮ್ಮೂರಿನ ಹರಿಹರೇಶ್ವರನ ತೇರನ್ನು ನೆನೆಯಿರಿ. ಜನ ಹಗ್ಗ ಹಿಡಿದು ಎಳೆದರೆ ಮಾತ್ರ ಅದು ಹೊರಡುತ್ತದೆ. ಗಾಲಿಗೆ ಮರದ ತುಂಡು ಕೊಟ್ಟರೆ ನಿಲ್ಲುತ್ತದೆ. ತೇರು ಎಂದೊಡನೆ ನಮಗೆ ಹಬ್ಬ ನೆನಪಾಗುತ್ತದೆಯೇ ಹೊರತು ಸಾವಲ್ಲ. ‘ಜಗನ್ನಾಥ ರಥ’ ಎಂದು ಅನುವಾದಿಸಿದರೆ ಪರರು ಹೊರಿಸಿದ ಅಪವಾದವನ್ನು ನಾವೇ ಕನ್ನಡಕ್ಕೆ ಹೊತ್ತು ತಂದಂತಾಗುತ್ತದೆ.

ಸಂದರ್ಭ ನೋಡಿ ‘ತಡೆಯಿಲ್ಲದ ದೈತ್ಯಶಕ್ತಿ’ ಎನ್ನಬಹುದು. ಲಾರಿಗಾದರೆ ‘ಹೇರು’ ಎಂಬ ಒಳ್ಳೆಯ ಕನ್ನಡ ಶಬ್ದವಿದೆ. ಹಳಗನ್ನಡದ ‘ಪೇಱು’ ಹೊಸಗನ್ನಡದಲ್ಲಿ ‘ಹೇರು’ ಆಗಿದೆ. ತುಂಬು, ಹೊರಿಸು ಎಂಬುದು ಕ್ರಿಯೆಯಾದಾಗಿನ ಅರ್ಥ. ಹೊರೆ ಎಂಬುದು ನಾಮಪದವಾದಾಗಿನ ಅರ್ಥ. ಬಂಡಿಗೆ ಹೇರುವವರು ಲಾರಿಗೂ ಹೇರುತ್ತಾರೆ. ನಿಮ್ಮೆರಡೂ ಊರುಗಳ ಹೆದ್ದಾರಿಯಲ್ಲಿ ಹಗಲಿರುಳು ಓಡುವ ಆ ವಾಹನಗಳಿಗೆ ‘ಭಾರಿ ಹೇರಿನ ಲಾರಿ’ ಎಂದರೆ ಸಾಕು. ಓದಿದವರಿಗೂ ಹಮಾಲರಿಗೂ ತಿಳಿಯುತ್ತದೆ.