ಬುಧವಾರದ ರಜೆಯವನಿಗೂ ಪಾರ್ಕು ಬೇಕು

ಹೊಂಗಡಹಳ್ಳದವರಿಗೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ನಮ್ಮ ಗುಡ್ಡಗಾಡಿನ ಹುಡುಗರು ಕೆಲಸ ಹುಡುಕಿಕೊಂಡು ಹೋಗುವುದು ಆ ಊರಿಗೇ. ಹೋಟೆಲಿನಲ್ಲಿ ಲೋಟ ತೊಳೆಯುವವನಿಗೆ, ಬ್ಯಾಂಕಿನ ಬಾಗಿಲು ಕಾಯುವವನಿಗೆ ಕಾಸು ಕೊಡದೆ ಕಾಲು ಚಾಚಲು ಅಲ್ಲಿರುವ ನೆರಳು ಎಷ್ಟು?

ಪಾರ್ಕಿನ ಒಳರಸ್ತೆಗಳನ್ನು ಭಾನುವಾರಗಳಂದು ಮೋಟಾರುಗಳಿಗೆ ಮುಚ್ಚಿದ್ದು 2015ರಲ್ಲಿ. 2020ರ ಕೊರೋನಾ ಕಾಲದಲ್ಲಿ ವಾರವಿಡೀ ಮುಚ್ಚಿ, ಬಳಿಕ ಕೆಲಸದ ದಿನಗಳಲ್ಲಿ ಮತ್ತೆ ಬಿಟ್ಟರು. ಭಾನುವಾರದ ನಿಷೇಧ ಒಳ್ಳೆಯದೇ. ಆದರೆ ಭಾನುವಾರ ಯಾರ ರಜೆ? ಕಚೇರಿಯವರದು. ಹೋಟೆಲಿನವನಿಗೆ ಅಂದೇ ಗಿರಾಕಿ ಹೆಚ್ಚು. ಅವನ ಬಿಡುವು ಬುಧವಾರವೋ ಗುರುವಾರವೋ ಬರುತ್ತದೆ. ಅಂದು ಅವನು ಮರದಡಿ ಕೂತರೆ ಸಿಗುವುದು ಹಾರನ್ನಿನ ಸದ್ದು, ಹೊಗೆ.

1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ ಪಾರ್ಕಿನ ನೆಲವನ್ನು ಪರಭಾರೆ ಮಾಡಬಾರದೆನ್ನುತ್ತದೆ. ಮಾರಿಲ್ಲ, ನಿಜ. ನಾಲ್ಕಾರು ನಿಮಿಷ ಉಳಿಸಲು ಅಡ್ಡಹಾಯುವ ಕಾರುಗಳಿಗೆ ದಿನವೂ ಬಿಟ್ಟುಕೊಡುವುದನ್ನು ಏನೆನ್ನಬೇಕು? 1870ರಲ್ಲಿ ಪಾರ್ಕು ಮಾಡಿದವರ ಕಣ್ಣೆದುರು ಇದ್ದುದು ಕುದುರೆಗಾಡಿ, ಈ ಮೋಟಾರು ಸಾಲಲ್ಲ.

ಮುಚ್ಚಿದರೆ ಪಕ್ಕದ ಕಸ್ತೂರಬಾ ರಸ್ತೆಯಲ್ಲಿ ವಾಹನ ಕಿಕ್ಕಿರಿಯುತ್ತದೆಂಬ ವಾದವುಂಟು. ಅದನ್ನು ನಾವು ತಳ್ಳಿಹಾಕುವುದಿಲ್ಲ. ಅದಕ್ಕೆ ಮದ್ದು ಹೆಚ್ಚು ಬಸ್ಸು, ಹೆಚ್ಚು ರೈಲು. ಪಾರ್ಕಿನ ಹೆಸರಿನದೇ ಮೆಟ್ರೋ ನಿಲ್ದಾಣ 2016ರಿಂದ ಅಂಚಿನಲ್ಲಿದೆ. ಕಾರಿನವರೂ ಒಮ್ಮೆ ಅದರ ಮೆಟ್ಟಿಲಿಳಿಯಬಹುದು.

ಏಳು ದಿನವೂ ಮುಚ್ಚಿರೆಂದು ನಾವು ಸರ್ಕಾರವನ್ನು ಒತ್ತಾಯಿಸುತ್ತೇವೆ. ಆಂಬುಲೆನ್ಸಿಗೆ, ನಡೆಯಲಾರದವರ ವಾಹನಕ್ಕೆ ದಾರಿಯಿರಲಿ. ಮಿಕ್ಕವರು ಸುತ್ತಿಕೊಂಡು ಹೋಗಲಿ.