ಉಳಿದದ್ದಲ್ಲ, ಉಳಿಸಿದ್ದು

‘ಉಳಿ’ ಎಂಬುದು ಅಕರ್ಮಕ ಧಾತು. ‘ಇಸು’ ಪ್ರತ್ಯಯ ಸೇರಿದಾಗ ಅದು ‘ಉಳಿಸು’ ಎಂದು ಸಕರ್ಮಕವಾಗುತ್ತದೆ. ವ್ಯಾಕರಣದ ತರಗತಿಯಲ್ಲಿ ನಾವು ಬೇಗನೆ ದಾಟಿಹೋಗುವ ಈ ಭೇದದಲ್ಲಿಯೇ ಮನೆಯ ಹಣಕಾಸಿನ ಮೊದಲ ಪಾಠವಿದೆಯೆಂದು ನನ್ನ ಅಭಿಪ್ರಾಯ. ತಿಂಗಳ ಕೊನೆಗೆ ಉಳಿದರೆ ಇಡೋಣವೆನ್ನುವ ಮನೆಯಲ್ಲಿ ಏನೂ ಉಳಿಯುವುದಿಲ್ಲ. ಕನ್ನಡದ ‘ಉಳಿತಾಯ’ವೇ ಇರಲಿ, ನಮ್ಮ ಮನೆಗಳಲ್ಲಿ ಅದರ ಜೊತೆಗೆ ಓಡಾಡುವ ಮರಾಠಿಯ ‘ಬಚತ’ವೇ ಇರಲಿ, ಮಿಕ್ಕದ್ದು ಎಂಬ ಅರ್ಥವನ್ನೇ ಮೊದಲು ತೋರಿ ನಮ್ಮನ್ನು ದಾರಿ ತಪ್ಪಿಸುತ್ತವೆ.

ನನ್ನ ತಾಯಿ ಓದುಬರಹ ಬಲ್ಲವರಾಗಿರಲಿಲ್ಲ. ಆದರೆ ಬೀಸಲೆಂದು ಜೋಳ ಅಳೆಯುವಾಗ ಪ್ರತಿಸಲವೂ ಒಂದು ಹಿಡಿಯನ್ನು ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದರು. ರೊಟ್ಟಿ ಮಿಕ್ಕ ಮೇಲಲ್ಲ, ಬೀಸುವ ಮೊದಲೇ. ಮಳೆ ತಡವಾದ ವರ್ಷ ಕೆಲವು ವಾರಗಳ ಕಾಲ ಆ ಗಡಿಗೆಯೇ ನಮ್ಮನ್ನು ಸಾವಕಾರನ ಬಾಗಿಲಿಗೆ ಹೋಗದಂತೆ ತಡೆಯಿತು.

ಈಗ ಲೆಕ್ಕಕ್ಕೆ ಬರೋಣ. ತಿಂಗಳಿಗೆ 15,000 ರೂಪಾಯಿ ಬರುವ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಹಣ ಕೈಸೇರಿದ ದಿನವೇ 1,000 ರೂಪಾಯಿಯನ್ನು ಅಂಚೆ ಕಚೇರಿಯ ಆವರ್ತ ಠೇವಣಿಗೆ ಕಟ್ಟಬೇಕು. ಐದು ವರ್ಷದ ಈ ಖಾತೆಯನ್ನು ತಿಂಗಳಿಗೆ 100 ರೂಪಾಯಿಯಿಂದಲೂ ಆರಂಭಿಸಬಹುದು. 1,000ದಂತೆ 60 ಕಂತಿಗೆ ಅಸಲೇ 60,000 ಆಗುತ್ತದೆ. ಎರಡನೆಯದು ವರ್ಷಕ್ಕೊಮ್ಮೆ ಬರುವ ಖರ್ಚು. ಜೂನ್ ತಿಂಗಳ ಶುಲ್ಕ, ದೀಪಾವಳಿ, ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆ, ಇವು ಆಕಸ್ಮಿಕಗಳಲ್ಲ. ಬರುವ ದಿನ ಮೊದಲೇ ಗೊತ್ತಿರುವಂಥವು. ಆದರೂ ಪ್ರತಿವರ್ಷ ಇವುಗಳಿಗಾಗಿಯೇ ಸಾಲ ಮಾಡುತ್ತೇವೆ. ಇವೆಲ್ಲ ಸೇರಿ 18,000 ಆಗುವುದಾದರೆ ತಿಂಗಳಿಗೆ 1,500 ಬೇರೆ ತೆಗೆದಿಡಬೇಕು. ಮಿಕ್ಕ 12,500 ಮಾತ್ರವೇ ಆ ತಿಂಗಳ ಆದಾಯವೆಂದು ತಿಳಿದು ಬಾಡಿಗೆ, ಕಿರಾಣಿ, ವಿದ್ಯುತ್ತು, ಔಷಧಿ, ಓಡಾಟಗಳಿಗೆ ಹಂಚಬೇಕು. ಹೆಚ್ಚಿನ ಬಡ್ಡಿಯ ಕೈಸಾಲವಿದ್ದರೆ, ಠೇವಣಿಗಿಂತ ಮೊದಲು ಅದನ್ನು ತೀರಿಸುವುದೇ ಉಳಿತಾಯ.

ಬೀಡಿ ಕಟ್ಟುವ, ಮಗ್ಗದಲ್ಲಿ ದುಡಿಯುವ ಮನೆಗಳಿಂದ ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. ಹೊಟ್ಟೆಗೇ ಸಾಲದ ಕೂಲಿಯಲ್ಲಿ ಉಳಿತಾಯವೆಲ್ಲಿಯದು ಎಂಬ ನಿಮ್ಮ ಪ್ರಶ್ನೆ ನ್ಯಾಯವಾದುದು. ಕೂಲಿ ಹೆಚ್ಚಬೇಕಾದಲ್ಲಿ ಮಿತವ್ಯಯದ ಉಪದೇಶ ಮಾಡುವುದು ಕ್ರೌರ್ಯವೇ ಸರಿ. ಆದರೆ ಜತ್ತ ಸೀಮೆಯಿಂದ ಕಬ್ಬು ಕಡಿಯಲು ಹೋಗುವವರ ‘ಉಚಲ’ವನ್ನು ನೋಡಿರಿ. ದುಡಿಯುವ ಮೊದಲೇ ಪಡೆದ ಮುಂಗಡ ಮದುವೆಗೋ ಆಸ್ಪತ್ರೆಗೋ ಖರ್ಚಾಗಿ, ಹಂಗಾಮಿನ ದುಡಿಮೆ ಆ ಋಣಕ್ಕೆ ಸಲ್ಲುತ್ತದೆ. ಕೈಯಲ್ಲಿ ಐದು ಸಾವಿರವಿದ್ದ ಕುಟುಂಬವಾದರೂ ಮುಕಾದಮನ ಮುಂದೆ ಅಷ್ಟರಮಟ್ಟಿಗೆ ತಲೆಯೆತ್ತಿ ಮಾತನಾಡಬಲ್ಲದು. ಉಳಿತಾಯ ಬಡವನಿಗೆ ಐಶ್ವರ್ಯ ತಂದುಕೊಡದು. ‘ಒಲ್ಲೆ’ ಎನ್ನುವ ಶಕ್ತಿಯನ್ನು ತಂದುಕೊಡುತ್ತದೆ.

ವಚನಗಳನ್ನು ಓದಿದವರು ಇನ್ನೊಂದು ಆಕ್ಷೇಪವನ್ನು ಎತ್ತಬಹುದು: ನಾಳೆಗೆಂದು ಕೂಡಿಡುವುದನ್ನು ಶರಣರು ಒಪ್ಪಿದರೆ? ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬ ಕಥೆ ನಿಮಗೆ ಗೊತ್ತೇ ಇದೆ. ಆದರೆ ಅಕ್ಕಿ ಹೆಚ್ಚಾಯಿತೆಂದು ಆಕೆಗೆ ತಿಳಿದದ್ದು ಹೇಗೆ? ತನ್ನ ಮನೆಗೆ ಎಷ್ಟು ಬೇಕೆಂಬ ಅಳತೆ ಆಕೆಗೆ ಖಚಿತವಾಗಿತ್ತು. ಆ ಅಳತೆಯೇ ಆಯವ್ಯಯದ ತಿರುಳು. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ್ದು ಬೇಸಿಗೆಯನ್ನು ನೆನೆದು. ಅದನ್ನು ಯಾರೂ ಲೋಭವೆನ್ನುವುದಿಲ್ಲ.

ಆದ್ದರಿಂದ ಈ ತಿಂಗಳ ಒಂದನೆಯ ತಾರೀಖಿಗೆ ತಾಯಿಯ ಪಕ್ಕದಲ್ಲಿ ಕುಳಿತು ಮನೆಯ ಲೆಕ್ಕವನ್ನು ನೀವೇ ಬರೆಯಿರಿ. ಎಷ್ಟೋ ಮನೆಗಳಲ್ಲಿ ಆ ಲೆಕ್ಕವನ್ನು ಆಕೆಯೊಬ್ಬಳೇ ಮನಸ್ಸಿನಲ್ಲಿ ಹೊತ್ತಿರುತ್ತಾಳೆ. ನಿಮ್ಮ ಮೊಬೈಲಿನ ರಿಚಾರ್ಜು ಎಷ್ಟನೆಯ ಸಾಲಿನಲ್ಲಿ ಬರಬೇಕೆಂಬುದು ಆಗ ನಿಮಗೇ ಹೊಳೆಯುತ್ತದೆ.